ಮೊದಲು ಕೆಲಸ, ಆಮೇಲೆ ಕೊಟೇಷನ್

ಪ್ರತಿ ವರ್ಷ ಜೂನ್ ಬಂತೆಂದರೆ ನಮ್ಮ ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಹೊಸ ನಂಬರುಗಳು ಸೇರಿಕೊಳ್ಳುತ್ತವೆ. ವೀಸಾ ಆಯ್ತು, ಟಿಕೆಟ್ ಆಯ್ತು, ಕುಕ್ಕರ್ ತರಬೇಕಾ ಬೇಡ್ವಾ ಅನ್ನೋ ಚರ್ಚೆಯೂ ಆಯ್ತು. ಆಮೇಲೆ ತಪ್ಪದೇ ಬರೋ ಪ್ರಶ್ನೆ: "ಅಕ್ಕಾ, ಯಾವ ಲ್ಯಾಪ್‌ಟಾಪ್ ತಗೊಂಡು ಬರ್ಲಿ?" ನಾವೂ ತಪ್ಪದೇ ಒಂದೇ ಉತ್ತರ ಕೊಡ್ತೀವಿ: "ಎರಡು ವರ್ಷ ಬೇಕಾಗುತ್ತೆ, ಒಳ್ಳೇದೇ ತಗೋ. ಗ್ರಾಫಿಕ್ಸ್ ಕಾರ್ಡ್ ಇರೋದನ್ನೇ ತಗೋ."

ಈ ಉತ್ತರ ತಪ್ಪು ಅಂತ ಹೇಳೋಕೇ ಈ ಲೇಖನ ಬರೀತಾ ಇದ್ದೀನಿ. 2024ರ ಜುಲೈನಲ್ಲಿ ನಾನೂ ಇದೇ ಪ್ರಶ್ನೆ ಕೇಳಿದ್ದೆ, ಇದೇ ಉತ್ತರ ಪಡೆದಿದ್ದೆ, ಅದನ್ನು ನಂಬಿ ಬೆಂಗಳೂರಿನಲ್ಲಿ 1,35,000 ರೂಪಾಯಿ ಕೊಟ್ಟು ಒಂದು ಗೇಮಿಂಗ್ ಲ್ಯಾಪ್‌ಟಾಪ್ ಕೊಂಡಿದ್ದೆ. ಆ ದುಡ್ಡು ನನ್ನದಲ್ಲ, ಅಪ್ಪನದೂ ಅಲ್ಲ. ತಿಪಟೂರಿನ ಮನೆಯ ಪತ್ರ ಬ್ಯಾಂಕಿನಲ್ಲಿಟ್ಟು ತಂದ ಎಜುಕೇಷನ್ ಲೋನಿನದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡ್ತೀನಿ. ಊರಿಂದ ಹೊರಡುವಾಗ ದುಬಾರಿ ಲ್ಯಾಪ್‌ಟಾಪ್ ಕೊಳ್ಳಬೇಡಿ. ಕ್ಲಾಸಿಗೆ ಹೊತ್ತುಕೊಂಡು ಹೋಗೋಕೆ ಹಗುರವಾದ, ಸಾಧಾರಣವಾದ ಒಂದು ಸಾಕು. ಈಗಾಗಲೇ ಇದ್ದರೆ ಅದನ್ನೇ ತನ್ನಿ. ಮೊದಲ ಸೆಮಿಸ್ಟರ್ ಅದರಲ್ಲೇ ಕಳೆಯಿರಿ. ನಿಜವಾಗಲೂ ಹೆಚ್ಚಿನ ಶಕ್ತಿ ಬೇಕು ಅನ್ನಿಸಿದರೆ, ಆಗ ಬಿಡಿ ಭಾಗಗಳನ್ನು ಆರಿಸಿ ಒಂದು ಡೆಸ್ಕ್‌ಟಾಪ್ ಜೋಡಿಸಿಕೊಳ್ಳಿ. ಆರಿಸೋವಾಗ ಯೂಟ್ಯೂಬಿನ ಪಟ್ಟಿಯನ್ನಲ್ಲ, ನಿಮ್ಮ ಕೆಲಸವನ್ನು ಮುಂದಿಟ್ಟುಕೊಳ್ಳಿ.

ಮೊದಲು ನನ್ನ ಲ್ಯಾಪ್‌ಟಾಪಿನ ಕಥೆ. ಅದು ಎರಡೂವರೆ ಕೆಜಿ ತೂಕ, ಅದರ ಚಾರ್ಜರ್ ಇನ್ನೊಂದು ಇಟ್ಟಿಗೆ. ಚಾರ್ಜರ್ ಹಾಕದಿದ್ದರೆ ಒಂದೂವರೆ ಗಂಟೆಗೆ ಬ್ಯಾಟರಿ ಮುಗೀತಿತ್ತು. ಲೈಬ್ರರಿಯಲ್ಲಿ ಪ್ರೋಗ್ರಾಂ ಓಡಿಸಿದರೆ ಫ್ಯಾನಿನ ಸದ್ದಿಗೆ ಪಕ್ಕದವರು ತಿರುಗಿ ನೋಡೋರು. ಏಳು ತಿಂಗಳಾದ ಮೇಲೆ, 2025ರ ಮಾರ್ಚಿನಲ್ಲಿ, ಮಿಡ್‌ಟರ್ಮಿನ ವಾರವೇ ಅದು ಸತ್ತುಹೋಯಿತು. ಮಾರುವಾಗ ಅಂಗಡಿಯವರು "ಇಂಟರ್‌ನ್ಯಾಷನಲ್ ವಾರಂಟಿ ಮೇಡಂ, ಎಲ್ಲಿ ಬೇಕಾದ್ರೂ ನಡೆಯುತ್ತೆ" ಅಂದಿದ್ದರು. ಇಲ್ಲಿಯ ಸರ್ವಿಸ್‌ನವರು ಸೀರಿಯಲ್ ನಂಬರ್ ನೋಡಿ, ಈ ಮಾಡೆಲ್ಲಿಗೆ ಇಂಡಿಯಾದಲ್ಲಿ ಮಾತ್ರ ವಾರಂಟಿ ಅಂದರು. ಮದರ್‌ಬೋರ್ಡ್ ಬದಲಿಸೋಕೆ 640 ಡಾಲರ್ ಕೇಳಿದರು. ಬೋರ್ಡಿಗೇ ಬೆಸುಗೆ ಹಾಕಿದ್ದರಿಂದ ಪ್ರೊಸೆಸರ್, ಗ್ರಾಫಿಕ್ಸ್, ರ‍್ಯಾಮ್ ಯಾವುದನ್ನೂ ಬಿಚ್ಚಿಕೊಳ್ಳೋ ಹಾಗಿರಲಿಲ್ಲ. ಕೊನೆಗೆ ಉಳಿದದ್ದು ಎಸ್‌ಎಸ್‌ಡಿ ಒಂದೇ. ಕಂಪನಿಯ ಹೆಸರು ಹೇಳೋದಿಲ್ಲ, ಯಾಕಂದ್ರೆ ತಪ್ಪು ಒಂದು ಕಂಪನಿಯದಲ್ಲ. ವಾರಂಟಿ ಕಾಗದವನ್ನು ಓದದೇ, ಏನು ಕೆಲಸಕ್ಕೆ ಅಂತ ಗೊತ್ತಿಲ್ಲದೇ ಕೊಂಡದ್ದು ನಾನು.

ನಾಚಿಕೆ ಆಗಿದ್ದು ಇನ್ನೊಂದು ಕಾರಣಕ್ಕೆ. ನಾನು ಬೆಳೆದದ್ದೇ ಅಸೆಂಬಲ್ ಮಾಡಿದ ಸಿಸ್ಟಮ್‌ಗಳ ನಡುವೆ. ತಿಪಟೂರಿನಲ್ಲಿ ಅಪ್ಪ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇಟ್ಟಿದ್ದರು. ಮದುವೆ ಕಾರ್ಡು, ತಿಥಿ ಕಾರ್ಡು, ಕೊಬ್ಬರಿ ಮಂಡಿಯವರ ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ. ಎರಡು ಕಂಪ್ಯೂಟರ್, ಒಂದರಲ್ಲಿ ನುಡಿ, ಇನ್ನೊಂದರಲ್ಲಿ ಬರಹ. ಎರಡನ್ನೂ ಅಪ್ಪನೇ ಜೋಡಿಸಿದ್ದು. ಸಾಮಾನು ತರೋಕೆ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ಮೆಜೆಸ್ಟಿಕ್‌ನಿಂದ ಟೌನ್‌ಹಾಲ್ ಕಡೆ ಬಂದು, ಎಸ್‌ಪಿ ರೋಡಿನಲ್ಲಿ ಅಂಗಡಿ ಅಂಗಡಿ ಸುತ್ತಿ ಕೊಟೇಷನ್ ಬರೆಸಿಕೊಂಡು ಬರೋರು. ಬೇಸಿಗೆ ರಜೆಯಲ್ಲಿ ನಾನೂ ಎರಡು ಸಲ ಹೋಗಿದ್ದೆ. ಅಷ್ಟು ಕಿರಿದಾದ ರಸ್ತೆಯಲ್ಲಿ ಅಷ್ಟು ಡಬ್ಬಗಳನ್ನು ತಲೆ ಮೇಲೆ ಹೊತ್ತು ಓಡಾಡೋ ಜನರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಅಲ್ಲಿ ಅಂಗಡಿಯವರು ಮೊದಲು ಕೇಳ್ತಿದ್ದದ್ದು "ಬಜೆಟ್ ಎಷ್ಟು ಸಾರ್?" ಅಂತ. ಅಪ್ಪ ಬಜೆಟ್ ಹೇಳ್ತಾನೇ ಇರಲಿಲ್ಲ. "ಪೇಜ್‌ಮೇಕರ್, ಕೋರಲ್ ಡ್ರಾ, ಫೋಟೋಶಾಪ್ ಮೂರೂ ಒಟ್ಟಿಗೆ ತೆಗೆದಿರ್ತೀನಿ. ದಿನಕ್ಕೆ ಹತ್ತು ಗಂಟೆ ಆನ್ ಇರುತ್ತೆ. ಕರೆಂಟ್ ದಿನಕ್ಕೆ ನಾಲ್ಕು ಸಲ ಹೋಗುತ್ತೆ. ಅದಕ್ಕೆ ಬೇಕಾದ್ದು ಕೊಡಿ" ಅನ್ನೋರು. ಆಗ ಅಂಗಡಿಯವನು ಪೆನ್ನು ಕೆಳಗಿಟ್ಟು ಸರಿಯಾಗಿ ಮಾತಾಡೋಕೆ ಶುರು ಮಾಡ್ತಿದ್ದ. ಈ ಪಾಠ ನನ್ನ ಮುಂದೆಯೇ ನಡೆದಿತ್ತು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ಅದನ್ನು ಮರೆತೆ.

ಕೆಲಸ ಗೊತ್ತಾಗೋದು ಹೇಗೆ?

ಲ್ಯಾಪ್‌ಟಾಪ್ ಸತ್ತ ಮೇಲೆ ಆರು ತಿಂಗಳು ನಾನು ಹುಬ್ಬಳ್ಳಿಯ ರೂಮ್‌ಮೇಟ್‌ನ ಹಳೇ ಲ್ಯಾಪ್‌ಟಾಪ್ ಮತ್ತು ಡಿಪಾರ್ಟ್‌ಮೆಂಟಿನ ಲ್ಯಾಬ್ ಸಿಸ್ಟಮ್ ನಂಬಿಕೊಂಡೇ ಓದಿದೆ. ಅದರಿಂದ ಒಂದು ಉಪಕಾರ ಆಯಿತು. ನನಗೆ ಏನು ಬೇಕು ಅನ್ನೋದು ತಿಳಿಯಿತು. ಲ್ಯಾಬ್‌ನಲ್ಲಿ ಕೆಲಸ ಮಾಡುವಾಗ ಪಕ್ಕದಲ್ಲೇ ಸಿಸ್ಟಮ್ ಮಾನಿಟರ್ ತೆರೆದಿಟ್ಟು, ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ: ಯಾವ ಕೆಲಸ, ಎಷ್ಟು ಹೊತ್ತು, ಆಗ ತುಂಬಿದ್ದು ಪ್ರೊಸೆಸರೋ, ರ‍್ಯಾಮೋ, ಗ್ರಾಫಿಕ್ಸೋ, ಡಿಸ್ಕೋ?

ಉತ್ತರ ನೋಡಿ ನನಗೇ ಆಶ್ಚರ್ಯ ಆಯ್ತು. ನನ್ನ ಹೆಚ್ಚಿನ ಕೆಲಸ ವಿವಾಡೋದಲ್ಲಿ ಎಫ್‌ಪಿಜಿಎ ಡಿಸೈನ್. ಅದಕ್ಕೆ ಗ್ರಾಫಿಕ್ಸ್ ಕಾರ್ಡಿನ ಹಂಗೇ ಇಲ್ಲ. ಬೇಕಾದ್ದು ಒಂದೊಂದು ಕೋರೂ ವೇಗವಾಗಿರೋ ಪ್ರೊಸೆಸರ್, ಧಾರಾಳ ರ‍್ಯಾಮ್, ಮತ್ತು ಡಿಸ್ಕಿನಲ್ಲಿ ಜಾಗ. ಆ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿದರೇ ನೂರು ಜಿಬಿ ಹತ್ತಿರ ಹೋಗುತ್ತೆ. ಮ್ಯಾಕ್‌ನಲ್ಲಿ ನೇರವಾಗಿ ಓಡೋದೂ ಇಲ್ಲ. ಗ್ರಾಫಿಕ್ಸ್ ಬೇಕಾಗ್ತಿದ್ದದ್ದು ಮಷೀನ್ ಲರ್ನಿಂಗ್ ಕೋರ್ಸಿಗೆ ಮಾತ್ರ, ಅದೂ ವಾರಕ್ಕೆ ಆರೇಳು ಗಂಟೆ. ಅಂದರೆ 1,35,000 ರೂಪಾಯಿಯಲ್ಲಿ ದೊಡ್ಡ ಪಾಲು ನಾನು ಕೊಟ್ಟಿದ್ದು ನನಗೆ ಅಷ್ಟಾಗಿ ಬೇಡದ ಭಾಗಕ್ಕೆ.

ಹಾಗಾಗಿ ಎಲ್ಲರಿಗೂ ಹೇಳೋದು: ಎರಡು ವಾರ ಬರೆದಿಡಿ. ಪುಕ್ಕಟೆ ಸಿಗೋದನ್ನು ಮೊದಲು ಬಳಸಿ. ಡಿಪಾರ್ಟ್‌ಮೆಂಟಿನ ಸರ್ವರ್‌ಗೆ ಮನೆಯಿಂದಲೇ ಲಾಗಿನ್ ಆಗಬಹುದಾ ಕೇಳಿ. ಕ್ಯಾಗಲ್‌ನಲ್ಲಿ ವಾರಕ್ಕೆ ಸುಮಾರು 30 ಗಂಟೆ ಜಿಪಿಯು ಉಚಿತ. ಗೂಗಲ್ ಕೋಲ್ಯಾಬ್ ಇದೆ. ಇಷ್ಟರಲ್ಲೇ ನಿಮ್ಮ ಓದು ಮುಗಿಯೋದಾದರೆ ಈ ಲೇಖನ ಇಲ್ಲಿಗೇ ನಿಲ್ಲಿಸಿ, ದುಡ್ಡು ಉಳಿಸಿ. ಫೈನಾನ್ಸ್, ಮ್ಯಾನೇಜ್‌ಮೆಂಟ್ ಓದೋ ಗೆಳೆಯರಿಗಂತೂ ಡೆಸ್ಕ್‌ಟಾಪ್ ಬೇಕೇ ಬೇಕು ಅಂತ ನಾನು ಯಾವತ್ತೂ ಹೇಳಲ್ಲ.

ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಎಸ್‌ಪಿ ರೋಡಿಗೆ ಸಮನಾದದ್ದು ಇಲ್ಲೇನಿದೆ ಅಂತ ಹುಡುಕಿದಾಗ ಒಂದು ತಮಾಷೆ ಕಂಡಿತು. ಇಂಟೆಲ್, ಎಎಂಡಿ, ಎನ್‌ವಿಡಿಯಾ ಮೂರರ ಮುಖ್ಯ ಕಚೇರಿಯೂ ಸಾಂತಾ ಕ್ಲಾರಾ ಅನ್ನೋ ಒಂದೇ ಊರಿನಲ್ಲಿವೆ. ಆದರೂ ಬಿಡಿ ಭಾಗ ಕಣ್ಣಾರೆ ನೋಡಿ ಕೊಳ್ಳೋ ದೊಡ್ಡ ಅಂಗಡಿಗೆ ಇಲ್ಲಿಯ ಜನ ಕೆಲವು ವರ್ಷ ಪರದಾಡಿದ್ದಾರೆ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಸಿಕ್ಕ ಅಂಕಲ್ ಒಬ್ಬರು ಫ್ರೈಸ್ ಇಲೆಕ್ಟ್ರಾನಿಕ್ಸ್ ಬಗ್ಗೆ ಅರ್ಧ ಗಂಟೆ ಮಾತಾಡಿದ್ದರು. "ಶನಿವಾರ ದೇವಸ್ಥಾನ, ಆಮೇಲೆ ಫ್ರೈಸ್, ಅದೇ ನಮ್ಮ ವೀಕೆಂಡ್" ಅಂದಿದ್ದರು. 1985ರಲ್ಲಿ ಸನಿವೇಲ್‌ನಲ್ಲಿ ಶುರುವಾದ ಫ್ರೈಸ್ 2021ರ ಫೆಬ್ರವರಿಯಲ್ಲಿ ಎಲ್ಲ ಮಳಿಗೆಗಳನ್ನೂ ಮುಚ್ಚಿತು. ಮೈಕ್ರೋ ಸೆಂಟರ್‌ನವರು 2012ರಲ್ಲೇ ಸಾಂತಾ ಕ್ಲಾರಾ ಬಿಟ್ಟು ಹೋಗಿದ್ದವರು 2025ರ ಮೇನಲ್ಲಿ ಸ್ಟೀವನ್ಸ್ ಕ್ರೀಕ್ ರಸ್ತೆಯಲ್ಲಿ ಮತ್ತೆ ಬಾಗಿಲು ತೆರೆದರು. ಸ್ಯಾನ್ ಹೋಸೆ ಡೌನ್‌ಟೌನಿಂದ 23 ನಂಬರ್ ಬಸ್ಸಿನಲ್ಲಿ ಹೋಗಬಹುದು. ಕಾರಿಲ್ಲದ ನಮಗೆ ಇದು ದೊಡ್ಡ ವಿಷಯ.

2025ರ ಸೆಪ್ಟೆಂಬರ್‌ನಲ್ಲಿ ನಾನು ಬರೆದ ಕೊಟೇಷನ್ ಇದು. ಪ್ರೊಸೆಸರ್ ರೈಜೆನ್ 5 7600, 190 ಡಾಲರ್. ಬಿ650 ಮದರ್‌ಬೋರ್ಡ್ 130. ಡಿಡಿಆರ್5 ರ‍್ಯಾಮ್ 32 ಜಿಬಿ, 95. ಒಂದು ಟಿಬಿ ಎಸ್‌ಎಸ್‌ಡಿ 65. 650 ವ್ಯಾಟ್ ಎಸ್‌ಎಂಪಿಎಸ್ 80. ಕ್ಯಾಬಿನೆಟ್ 60. ಕೀಬೋರ್ಡು ಮೌಸು 20. ಇವೆಲ್ಲ ಹೊಸದು, ಒಟ್ಟು 640. ಇದರ ಮೇಲೆ ಶೇ. 9ಕ್ಕೂ ಸ್ವಲ್ಪ ಹೆಚ್ಚು ಸೇಲ್ಸ್ ಟ್ಯಾಕ್ಸ್. ಅಂಗಡಿಯ ಚೀಟಿಯಲ್ಲಿರೋ ಬೆಲೆಗೆ ಟ್ಯಾಕ್ಸ್ ಸೇರಿರಲ್ಲ ಅನ್ನೋದನ್ನು ಹೊಸಬರು ಮರೀತಾರೆ. ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060, 12 ಜಿಬಿಯದು, 190. ಓದು ಮುಗಿಸಿ ಹೊರಟ ಸೀನಿಯರ್ ಹತ್ತಿರ 24 ಇಂಚಿನ ಮಾನಿಟರ್ 50. ಎಲ್ಲಾ ಸೇರಿ ಸುಮಾರು 940 ಡಾಲರ್, ಆಗಿನ ಲೆಕ್ಕದಲ್ಲಿ 83,000 ರೂಪಾಯಿ ಹತ್ತಿರ. ಕ್ಯಾಂಪಸ್ ಕೆಲಸಕ್ಕೆ ಗಂಟೆಗೆ ಸುಮಾರು 18 ಡಾಲರ್ ಸಿಗೋದರಿಂದ, ಐವತ್ತಕ್ಕೂ ಹೆಚ್ಚು ಗಂಟೆಯ ದುಡಿಮೆ. ನಮಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯೋ ಹಾಗಿಲ್ಲ ಅನ್ನೋದನ್ನು ನೆನಪಿಟ್ಟುಕೊಂಡು ಈ ಸಂಖ್ಯೆ ಓದಿ.

ಈ ಪಟ್ಟಿಯನ್ನು ಹಾಗೇ ನಕಲು ಮಾಡಬೇಡಿ. ಯಾಕೆ ಹೀಗೆ ಆರಿಸಿದೆ ಅನ್ನೋದು ಮುಖ್ಯ.

ಪ್ರೊಸೆಸರ್ ಕೊಳ್ಳೋವಾಗ ಅದು ಕೂರೋ ಸಾಕೆಟ್‌ಗೆ ಮುಂದೆ ಭವಿಷ್ಯ ಇದೆಯಾ ನೋಡಿ. ನನ್ನದು ಎಎಂ5. 2022ರಲ್ಲಿ ಬಂದದ್ದು, 2027ರವರೆಗಾದರೂ ಮುಂದುವರಿಸ್ತೀವಿ ಅಂತ ಎಎಂಡಿ ಹೇಳಿದೆ. ನಾಳೆ ಕೆಲಸ ಸಿಕ್ಕಿ ಕೈಯಲ್ಲಿ ದುಡ್ಡು ಬಂದರೆ ಪ್ರೊಸೆಸರ್ ಮಾತ್ರ ಬದಲಿಸಿದರೆ ಸಾಕು. 7600ರ ಡಬ್ಬದಲ್ಲೇ ಕೂಲರ್ ಬರುತ್ತೆ, ಹಾಗಾಗಿ ಅದಕ್ಕೂ ಬೇರೆ ಖರ್ಚಿಲ್ಲ. ಅದರೊಳಗೇ ಚಿಕ್ಕದೊಂದು ಗ್ರಾಫಿಕ್ಸ್ ಇರೋದರಿಂದ ಕಾರ್ಡ್ ಇಲ್ಲದೆಯೂ ಸ್ಕ್ರೀನ್ ಬರುತ್ತೆ. ಇಂಟೆಲ್ ಕೊಳ್ಳೋರು ಹೆಸರಿನ ಕೊನೆಯಲ್ಲಿ ಎಫ್ ಅಕ್ಷರ ಇದೆಯಾ ನೋಡಿ. ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಹತ್ತಿಪ್ಪತ್ತು ಡಾಲರ್ ಕಡಿಮೆ ಅಂತ ತಂದು, ಡಿಸ್‌ಪ್ಲೇ ಬರದೇ ತಲೆ ಮೇಲೆ ಕೈ ಹೊತ್ತು ಕೂತವರನ್ನು ಕಂಡಿದ್ದೀನಿ.

ಗ್ರಾಫಿಕ್ಸ್ ಕಾರ್ಡ್ ಕೊನೆಯಲ್ಲಿ ಕೊಳ್ಳಿ. ಸಿಸ್ಟಮ್ ಕಟ್ಟಿ ಒಂದು ತಿಂಗಳು ಓಡಿಸಿ, ಆಮೇಲೂ ಬೇಕು ಅನ್ನಿಸಿದರೆ ಮಾತ್ರ. ಮಷೀನ್ ಲರ್ನಿಂಗ್ ಕೆಲಸಕ್ಕೆ ಕಾರ್ಡಿನ ವೇಗಕ್ಕಿಂತ ಅದರ ಮೆಮೊರಿ ಮುಖ್ಯ. ಕಾರ್ಡ್ ನಿಧಾನ ಇದ್ದರೆ ರಾತ್ರಿ ಓಡಿಸಿ ಬೆಳಿಗ್ಗೆ ಉತ್ತರ ನೋಡಬಹುದು. ಮಾಡೆಲ್ ಮೆಮೊರಿಯಲ್ಲಿ ಹಿಡಿಸದಿದ್ದರೆ ಓಡೋದೇ ಇಲ್ಲ. ಅದಕ್ಕೇ 8 ಜಿಬಿಯ ಹೊಸ ಕಾರ್ಡ್ ಬಿಟ್ಟು, 2021ರಲ್ಲಿ ಬಂದ ಈ 12 ಜಿಬಿಯ ಹಳೆಯದನ್ನು ತಗೊಂಡೆ. ಹಳೆಯದು ಕೊಳ್ಳುವಾಗ ಮಾರುವವರ ಸಿಸ್ಟಮ್‌ನಲ್ಲೇ ಹತ್ತು ನಿಮಿಷ ಓಡಿಸಿ ತೋರಿಸಿ ಅಂತ ಕೇಳಿ. ಒಪ್ಪದಿದ್ದರೆ ನಮಸ್ಕಾರ ಹೇಳಿ ವಾಪಸ್ ಬನ್ನಿ.

ಉಳಿತಾಯ ಮಾಡಬಾರದ ಭಾಗ ಒಂದಿದೆ. ಯಾರ ಫೋಟೋದಲ್ಲೂ ಕಾಣದ ಎಸ್‌ಎಂಪಿಎಸ್, ಇಲ್ಲಿಯವರ ಬಾಯಲ್ಲಿ ಪವರ್ ಸಪ್ಲೈ. ಅಪ್ಪನ ಅಂಗಡಿ ಶುರುವಾದ ವರ್ಷ ಕ್ಯಾಬಿನೆಟ್ ಜೊತೆ ಉಚಿತವಾಗಿ ಬಂದ ಎಸ್‌ಎಂಪಿಎಸ್ ಹಾಕಿದ್ದರಂತೆ. ಒಂದು ಮಳೆಗಾಲದ ಸಂಜೆ ವೋಲ್ಟೇಜ್ ಏರಿಳಿತಕ್ಕೆ ಅದು ಸುಟ್ಟು, ಜೊತೆಗೆ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಎಳೆದುಕೊಂಡು ಹೋಯಿತು. ಹಾರ್ಡ್ ಡಿಸ್ಕಿನಲ್ಲಿ ನಾಲ್ಕು ಮದುವೆ ಕಾರ್ಡುಗಳ ಪ್ರೂಫ್ ಇತ್ತು. ಅಪ್ಪ ನಾಲ್ಕು ಮನೆಗೂ ಹೋಗಿ ಕೈಮುಗಿದು ಕ್ಷಮೆ ಕೇಳಿ, ರಾತ್ರಿಯೆಲ್ಲ ಕೂತು ಮತ್ತೆ ಟೈಪ್ ಮಾಡಿದ್ದರು. ಅವತ್ತಿನಿಂದ ಅವರದು ಒಂದೇ ಮಾತು: "ಅನ್ನ ಹಾಕೋ ಜಾಗದಲ್ಲಿ ಕಂಜೂಸಿ ಮಾಡಬಾರದು ಪುಟ್ಟಿ." ಇಲ್ಲಿ ಕರೆಂಟ್ ಅಷ್ಟಾಗಿ ಹೋಗಲ್ಲ, ಸರಿ. ಆದರೆ ಒಳ್ಳೆಯ ಎಸ್‌ಎಂಪಿಎಸ್‌ಗೆ ಹತ್ತು ವರ್ಷದವರೆಗೂ ವಾರಂಟಿ ಇರುತ್ತೆ, ಮುಂದಿನ ಎರಡು ಸಿಸ್ಟಮ್‌ಗೂ ಅದೇ ನಡೆಯುತ್ತೆ. ಬಣ್ಣಬಣ್ಣದ ಲೈಟಿನ ಫ್ಯಾನಿಗೆ ಕೊಡೋ 60 ಡಾಲರನ್ನು ಇಲ್ಲಿ ಹಾಕಿ.

ಇನ್ನು ರ‍್ಯಾಮ್. ಎರಡು ಕಡ್ಡಿಯ ಕಿಟ್ ಕೊಳ್ಳಿ, ಎರಡೂ ದಾರಿಯಲ್ಲಿ ಡೇಟಾ ಹರಿಯುತ್ತೆ. ಡಿಡಿಆರ್5ನಲ್ಲಿ ನಾಲ್ಕು ಕಡ್ಡಿ ತುಂಬಿದರೆ ವೇಗ ಇಳಿಯುತ್ತೆ. ಇಷ್ಟು ಹೇಳಿ ಮುಂದೆ ಹೋಗಬಹುದಿತ್ತು, ಆದರೆ ಕಾಲ ಬದಲಾಗಿದೆ. ನಾನು 95 ಡಾಲರ್‌ಗೆ ಕೊಂಡಂಥ ಕಿಟ್ ಚಳಿಗಾಲದ ಹೊತ್ತಿಗೆ 300 ದಾಟಿತ್ತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ತಾ ಇವೆ. ಕ್ರೂಷಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ರ‍್ಯಾಮ್ ಮಾರ್ತಿದ್ದ ಮೈಕ್ರಾನ್ ಕಂಪನಿ 2025ರ ಡಿಸೆಂಬರ್‌ನಲ್ಲಿ ಆ ವ್ಯಾಪಾರವನ್ನೇ ಬಿಡ್ತೀವಿ ಅಂತ ಘೋಷಿಸಿತು. ಈಗ ಕಟ್ಟೋರಿಗೆ ನನ್ನ ಪಟ್ಟಿ ಹೊಂದಲ್ಲ. ಮೊದಲು 16 ಜಿಬಿಯಲ್ಲಿ ಶುರು ಮಾಡಿ. ಅಥವಾ ಕಂಪನಿಗಳು ಹೊರಗೆ ಹಾಕೋ ಆಫೀಸ್ ಸಿಸ್ಟಮ್‌ಗಳನ್ನು ಹುಡುಕಿ. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ನಿಂತ ಮೇಲೆ ಇಂಥವು ತುಂಬಾ ಮಾರಾಟಕ್ಕೆ ಬಂದಿವೆ, ರ‍್ಯಾಮ್ ಒಳಗೇ ಇರುತ್ತೆ. ಇಂಟೆಲ್ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಾದರೆ ವಿಂಡೋಸ್ 11 ನಡೆಯುತ್ತೆ. ನಿಮ್ಮ ಕೆಲಸಕ್ಕೆ ಲಿನಕ್ಸ್ ಸಾಕು ಅನ್ನೋದಾದರೆ ಆ ಚಿಂತೆಯೂ ಇಲ್ಲ. ವಿಂಡೋಸ್ ಲೈಸೆನ್ಸಿಗೆ ದುಡ್ಡು ಕೊಡೋ ಮೊದಲು ವಿಶ್ವವಿದ್ಯಾಲಯದ ಐಟಿ ವಿಭಾಗದಲ್ಲಿ ಕೇಳಿ, ಹಲವು ಕಡೆ ವಿದ್ಯಾರ್ಥಿಗಳಿಗೆ ಉಚಿತ.

ಕೊನೆಯದಾಗಿ ಯಾರೂ ಲೆಕ್ಕ ಹಾಕದ ಭಾಗ, ಕರೆಂಟ್ ಬಿಲ್. ಗೃಹಜ್ಯೋತಿ ಇಲ್ಲಿಗೆ ಬರಲ್ಲ! ಪಿಜಿ ಅಂಡ್ ಇ ಮನೆಗಳಲ್ಲಿ ಒಂದು ಯೂನಿಟ್‌ಗೆ ಸುಮಾರು 40 ಸೆಂಟ್. ನನ್ನ ಸಿಸ್ಟಮ್ ಪೂರ್ತಿ ದುಡಿಯೋವಾಗ 300 ವ್ಯಾಟ್ ಎಳೆಯುತ್ತೆ ಅಂದುಕೊಳ್ಳಿ. ಎಂಟು ಗಂಟೆಗೆ 2.4 ಯೂನಿಟ್, ಅಂದರೆ ರಾತ್ರಿಗೆ ಒಂದು ಡಾಲರ್. ಸಾಂತಾ ಕ್ಲಾರಾ ಊರಿನಲ್ಲಿ ಇರೋರು ಅದೃಷ್ಟವಂತರು, ಅಲ್ಲಿ ನಗರದ್ದೇ ಆದ ಸಿಲಿಕಾನ್ ವ್ಯಾಲಿ ಪವರ್ ಇದೆ, ದರ ಅರ್ಧಕ್ಕಿಂತ ಕಡಿಮೆ. ನಾಲ್ಕು ಜನ ಬಿಲ್ ಹಂಚಿಕೊಳ್ಳೋ ಮನೆಯಲ್ಲಿ ಇದನ್ನು ಮೊದಲೇ ಮಾತಾಡಿಕೊಳ್ಳಿ. ನಾನು ತಿಂಗಳಿಗೆ 15 ಡಾಲರ್ ಹೆಚ್ಚು ಕೊಡ್ತೀನಿ. ಸ್ನೇಹ ಚೆನ್ನಾಗಿದೆ.

ಜೋಡಿಸಿದ ರಾತ್ರಿ

ಊಟದ ಟೇಬಲ್ ಖಾಲಿ ಮಾಡಿ, ಡಬ್ಬಗಳನ್ನು ಸಾಲಾಗಿಟ್ಟು, ಅಪ್ಪನಿಗೆ ವಿಡಿಯೋ ಕಾಲ್ ಹಾಕಿದೆ. ಇಲ್ಲಿ ರಾತ್ರಿ ಒಂಬತ್ತು, ಅಲ್ಲಿ ಮರುದಿನ ಬೆಳಿಗ್ಗೆ ಒಂಬತ್ತೂವರೆ. ಅಂಗಡಿ ಮುಚ್ಚಿ ವರ್ಷಗಳಾದರೂ ಅಪ್ಪ ಸ್ನಾನ ಮಾಡಿ, ಇಸ್ತ್ರಿ ಶರ್ಟ್ ಹಾಕಿಕೊಂಡು ಕೂತಿದ್ದರು. ಪ್ರೊಸೆಸರ್ ಕೂರಿಸಿದೆ, ಕೂಲರ್ ಬಿಗಿದೆ, ರ‍್ಯಾಮ್ ಹಾಕಿದೆ, ವೈರುಗಳನ್ನು ಜೋಡಿಸಿದೆ. ಒಂದೂವರೆ ಗಂಟೆ ಹಿಡಿಯಿತು. ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು. ಸ್ಕ್ರೀನ್ ಮಾತ್ರ ಕಪ್ಪು.

ಒಂದು ನಿಮಿಷ. ಎರಡು ನಿಮಿಷ. ನನ್ನ ಎದೆ ಡವಡವ. ಮತ್ತೆ ಲೋನಿನ ದುಡ್ಡು ಹಾಳು ಮಾಡಿದೆನಾ ಅಂತ.

"ಡಿಸ್‌ಪ್ಲೇ ಬರ್ಲಿಲ್ವಾ? ರ‍್ಯಾಮ್ ತೆಗೆದು ರಬ್ಬರ್ ಹಾಕಿ ಉಜ್ಜು ಪುಟ್ಟಿ" ಅಂದರು ಅಪ್ಪ.

"ಅಪ್ಪಾ, ಇದು ಹೊಸಾ ರ‍್ಯಾಮು!"

"ಹೊಸದಾದ್ರೇನು, ಉಜ್ಜಿದ್ರೆ ತಪ್ಪೇನು?"

ಈ ಜಗಳ ನಡೀತಿರೋವಾಗಲೇ ಸ್ಕ್ರೀನ್ ಬಂತು. ಆಮೇಲೆ ಓದಿ ತಿಳಿದದ್ದು: ಡಿಡಿಆರ್5 ಬೋರ್ಡ್‌ಗಳು ಮೊದಲ ಸಲ ಆನ್ ಆದಾಗ ರ‍್ಯಾಮ್ ಜೊತೆ ಹೊಂದಿಕೊಳ್ಳೋಕೆ ಕೆಲವು ನಿಮಿಷ ತಗೊಳ್ಳುತ್ತವೆ. ಅಷ್ಟೂ ಹೊತ್ತು ಸ್ಕ್ರೀನ್ ಕಪ್ಪಾಗೇ ಇರುತ್ತೆ. ಆಗ ಗಾಬರಿಯಿಂದ ಕರೆಂಟ್ ಕಿತ್ತರೆ ಕಾಯೋದು ಮತ್ತೆ ಮೊದಲಿಂದ ಶುರು. ಇದನ್ನು ಓದುತ್ತಿರೋ ಯಾರಾದರೂ ಮುಂದೆ ಕಟ್ಟಿದರೆ, ದಯವಿಟ್ಟು ಒಂದು ಲೋಟ ಕಾಫಿ ಕುಡಿಯೋವಷ್ಟು ಹೊತ್ತು ಸುಮ್ಮನೆ ಕಾಯಿರಿ.

ಕ್ರೋಮ್ ತೆಗೆಯೋ ಮೊದಲೇ ಅಪ್ಪ ಕೇಳಿದ್ದು, "ಕನ್ನಡ ಬರುತ್ತಾ ನೋಡು." ಕೆ.ಪಿ. ರಾವ್ ಕೀಲಿಮಣೆ ಹಾಕಿಕೊಂಡು ಅವರ ಅಂಗಡಿಯ ಹೆಸರು ಟೈಪ್ ಮಾಡಿ ತೋರಿಸಿದೆ. ಈ ಲೇಖನವೂ ಅದರಲ್ಲೇ ಟೈಪ್ ಆಗಿದೆ.

ನಾಳೆ ಎಲ್ಲಿರ್ತೀವೋ ಗೊತ್ತಿಲ್ಲದವರಿಗೆ ಡೆಸ್ಕ್‌ಟಾಪ್ ಯಾಕೆ?

ಇದು ನಾನು ಕೇಳಿಸಿಕೊಂಡ ಅತಿ ಗಟ್ಟಿಯಾದ ಆಕ್ಷೇಪ. ಹುಬ್ಬಳ್ಳಿಯ ರೂಮ್‌ಮೇಟ್ ಅದನ್ನು ಹೀಗೆ ಹೇಳಿದಳು: "ಮುಂದಿನ ವರ್ಷ ಈ ದೇಶದಾಗ ಇರ್ತೀವೋ ಇಲ್ಲೋ ಗೊತ್ತಿಲ್ಲ. ಹೊತ್ಕೊಂಡ್ ಹೋಗಾಕ ಬರಲಾರದ್ದನ್ನ ಯಾಕ್ ಕಟ್ಟಾಕತ್ತೀಯವಾ?"

ತಮಾಷೆಯ ಮಾತಲ್ಲ ಇದು. ನಾನು ಡೆಸ್ಕ್‌ಟಾಪ್ ಕಟ್ಟಿದ ಅದೇ ಸೆಪ್ಟೆಂಬರ್‌ನಲ್ಲಿ ಹೊಸ ಎಚ್‌-1ಬಿ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕದ ಘೋಷಣೆ ಬಂತು. ಯಾರಿಗೆ ಅನ್ವಯ, ಯಾರಿಗೆ ಇಲ್ಲ ಅಂತ ತಿಳಿಯೋದರೊಳಗೆ ನಮ್ಮ ಮನೆಯಲ್ಲಿ ಎರಡು ರಾತ್ರಿ ಯಾರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಇಂಥಾ ಸ್ಥಿತಿಯಲ್ಲಿ ಹಾಸಿಗೆ ಕೊಳ್ಳೋಕೂ ಹಿಂಜರೀತೀವಿ. ನೆಲದ ಮೇಲೆ ಮಲಗಿ ಎರಡು ವರ್ಷ ಕಳೆದವರು ನಮ್ಮಲ್ಲೇ ಇದ್ದಾರೆ.

ಆದರೂ ನನ್ನ ವಾದ ಉಲ್ಟಾ. ಎಲ್ಲಿರ್ತೀವೋ ಗೊತ್ತಿಲ್ಲದವರಿಗೆ ಬಿಚ್ಚಿ ಜೋಡಿಸೋಕೆ ಬರೋ ಯಂತ್ರವೇ ಸರಿ. ವಾಪಸ್ ಹೋಗಬೇಕಾದರೆ ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಮೂರೂ ಒಂದು ಟಿಫಿನ್ ಬಾಕ್ಸಿನಲ್ಲಿ ಹಿಡಿಯುತ್ತವೆ. ಗ್ರಾಫಿಕ್ಸ್ ಕಾರ್ಡ್, ಮದರ್‌ಬೋರ್ಡ್ ಬಟ್ಟೆಯಲ್ಲಿ ಸುತ್ತಿ ಕ್ಯಾಬಿನ್ ಬ್ಯಾಗಿನಲ್ಲಿಡಬಹುದು. ಈಗಿನ ಹೆಚ್ಚಿನ ಎಸ್‌ಎಂಪಿಎಸ್‌ಗಳು 100ರಿಂದ 240 ವೋಲ್ಟ್ ತಾವೇ ಹೊಂದಿಸಿಕೊಳ್ಳುತ್ತವೆ. ಲೇಬಲ್ ನೋಡಿ ಖಚಿತ ಮಾಡಿಕೊಂಡರೆ, ಊರಿನಲ್ಲಿ ಬರೀ ವೈರ್ ಬದಲಿಸಿದರೆ ಸಾಕು. ಕ್ಯಾಬಿನೆಟ್ ಒಂದನ್ನು ಇಲ್ಲೇ ಯಾರಿಗಾದರೂ ಕೊಟ್ಟು, ಎಸ್‌ಪಿ ರೋಡಿನಲ್ಲಿ ಹೊಸದು ಕೊಳ್ಳಬಹುದು. ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. 640 ಡಾಲರ್ ಕೊಡಿ ಇಲ್ಲಾ ಎಸೆಯಿರಿ ಅನ್ನೋ ಮಾತು ಮತ್ತೆ ಕೇಳಬೇಕಾಗಿಲ್ಲ.

ಜೋಡಿಸಿಕೊಳ್ಳೋದು ಈ ಕಣಿವೆಗೆ ಹೊಸದೂ ಅಲ್ಲ. 1975ರ ಮಾರ್ಚಿನಲ್ಲಿ ಮೆನ್ಲೋ ಪಾರ್ಕಿನ ಒಂದು ಗ್ಯಾರೇಜಿನಲ್ಲಿ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನ ಮೊದಲ ಸಭೆ ಸೇರಿತ್ತು. ಆ ಕ್ಲಬ್ಬಿನಲ್ಲಿ ಸ್ಟೀವ್ ವೋಜ್ನಿಯಾಕ್ ತೋರಿಸಿದ ಯಂತ್ರವೇ ಮುಂದೆ ಆಪಲ್‌-1 ಆಯಿತು. 1976ರಲ್ಲಿ ಅದನ್ನು ಮಾರಿದಾಗ ಬಂದದ್ದು ಬರೀ ಬೋರ್ಡು. ಕೀಬೋರ್ಡ್, ಪವರ್ ಸಪ್ಲೈ, ಡಬ್ಬ ಎಲ್ಲವನ್ನೂ ಕೊಂಡವರೇ ಹೊಂದಿಸಿಕೊಳ್ಳಬೇಕಿತ್ತು. ಆ ಕ್ಲಬ್ಬಿನವರು ಬಿಡಿ ಭಾಗಗಳನ್ನೂ ತಿಳಿವಳಿಕೆಯನ್ನೂ ಹಂಚಿಕೊಳ್ತಿದ್ದರು. ನಾವೂ ಒಂದು ಸಂಘವೇ ಅಲ್ವಾ?

ಅದಕ್ಕೆ ಸಂಘಕ್ಕೆ ನನ್ನ ಮೂರು ಸಲಹೆಗಳು. ಒಂದು, ಪ್ರತಿ ಮೇ ತಿಂಗಳಲ್ಲಿ ಓದು ಮುಗಿಸಿ ಹೊರಡೋರು ಮಾನಿಟರ್, ಕೀಬೋರ್ಡ್, ಕೇಬಲ್, ಕ್ಯಾಬಿನೆಟ್ ರಸ್ತೆ ಬದಿಗೆ ಇಡ್ತಾರೆ. ಅವುಗಳನ್ನು ಯಾರಾದರೂ ಒಬ್ಬರ ಮನೆಯ ಕಪಾಟಿನಲ್ಲಿ ಸೇರಿಸಿಟ್ಟು ಆಗಸ್ಟಿನಲ್ಲಿ ಬರೋರಿಗೆ ಕೊಡೋಣ. ಕಪಾಟು ಕೊಡೋಕೆ ನಾನು ಸಿದ್ಧ. ಎರಡು, ಸೆಮಿಸ್ಟರಿಗೆ ಒಂದು ಶನಿವಾರ ಕೂತು ಜೊತೆಯಾಗಿ ಜೋಡಿಸೋಣ. ನನ್ನ ಹತ್ತಿರ ಸ್ಕ್ರೂಡ್ರೈವರ್, ಥರ್ಮಲ್ ಪೇಸ್ಟ್ ಇದೆ, ಚಿತ್ರಾನ್ನ ಬೇರೆಯವರು ತರಲಿ. ಅಂಗಡಿಯಲ್ಲಿ ಹುಡುಗಿಯರು ಒಬ್ಬರೇ ಹೋದಾಗ "ಗಿಫ್ಟ್ ಕೊಡೋಕಾ?" ಅಂತ ಕೇಳಿಸಿಕೊಳ್ಳೋ ಕಿರಿಕಿರಿಯೂ ಇದರಿಂದ ತಪ್ಪುತ್ತೆ. ನನ್ನನ್ನು ಹಾಗೆ ಎರಡು ಸಲ ಕೇಳಿದ್ದಾರೆ. ಮೂರು, ಇದೇ ಮುಖ್ಯ. ಜೂನ್‌ನಲ್ಲಿ ಯಾರಾದರೂ "ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?" ಅಂತ ಕೇಳಿದಾಗ ಮಾಡೆಲ್ ಹೆಸರು ಹೇಳೋದನ್ನು ನಿಲ್ಲಿಸೋಣ. ಬದಲಿಗೆ "ಏನು ಓದೋಕೆ ಬರ್ತಿದ್ದೀಯಾ? ಮನೇಲಿ ಈಗ ಏನಿದೆ?" ಅಂತ ಕೇಳೋಣ.

ಒಂದು ಸಾಲು ಟೈಪ್ ಮಾಡೋ ಹೊತ್ತಿನಲ್ಲಿ ನಾವು ಕೊಡೋ ಉತ್ತರಕ್ಕೆ ಊರಿನಲ್ಲಿ ಯಾರದೋ ಅಪ್ಪ ಬ್ಯಾಂಕಿಗೆ ಹೋಗಿ ಸಹಿ ಹಾಕ್ತಾರೆ. ನನ್ನ ಅಪ್ಪ ಆ ಲ್ಯಾಪ್‌ಟಾಪ್ ಬಗ್ಗೆ ಇವತ್ತಿನವರೆಗೂ ಒಂದು ಮಾತೂ ಆಡಿಲ್ಲ. ಕೇಳಿದರೆ "ಹೋಗ್ಲಿ ಬಿಡು, ಎಸ್‌ಎಸ್‌ಡಿ ಉಳೀತಲ್ಲ" ಅಂತಾರೆ. ಆ ಎಸ್‌ಎಸ್‌ಡಿಯನ್ನು ನನ್ನ ಡೆಸ್ಕ್‌ಟಾಪಿನ ಎರಡನೇ ಸ್ಲಾಟಿಗೆ ಹಾಕಿದ್ದೀನಿ. ಬ್ಯಾಕಪ್‌ಗೆ ಚೆನ್ನಾಗಿ ನಡೀತಿದೆ.